ಕಾಕಂಬಿ ಹಾಕಿ ಕಟ್ಟಿದ ರಸ್ತೆ

ಮಣ್ಣಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ನಲವತ್ತು ವರ್ಷವಾಗುವವರೆಗೂ ನಾನು ಈ ಮಾತನ್ನು ದಿನಕ್ಕೊಂದು ಸಲವಾದರೂ ಯಾರಿಗಾದರೂ ಹೇಳುತ್ತಿದ್ದೆ. ಆಮೇಲೆ ಬಿಟ್ಟೆ. ಬೀಡಿ ಬಿಡುವುದಕ್ಕಿಂತ ಕಷ್ಟವಾಯಿತು, ಆದರೂ ಬಿಟ್ಟೆ.

ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಕರಣೆ ಹಿಡಿದವನು. ನಮ್ಮ ತಾತ ಗೋಡೆ ಮೇಸ್ತ್ರಿ, ನಮ್ಮಪ್ಪ ಗೋಡೆ ಮೇಸ್ತ್ರಿ, ನಾನೂ ಗೋಡೆ ಮೇಸ್ತ್ರಿ. ಜವಳಗಿರಿ ಕಾಡಿನ ಮಗ್ಗುಲಲ್ಲಿರುವ ನಮ್ಮ ದೊಡ್ಡಿಯಲ್ಲಿ ಆಗ ಇದ್ದದ್ದು ನಲವತ್ತು ಮನೆ. ಅದರಲ್ಲಿ ಮೂವತ್ತರ ಗೋಡೆ ನನ್ನ ಕೈಯದು. ಒಂದೂ ಬಿದ್ದಿಲ್ಲ. ಒಂದು ಮಾತ್ರ ಸ್ವಲ್ಪ ವಾಲಿದೆ, ನಿಜ. ಅದು ನನ್ನ ಭಾಮೈದ ಸೊಣ್ಣಪ್ಪನದು. ಅದಕ್ಕೆ ಮಣ್ಣು ಕಾರಣವಲ್ಲ, ಅವನು ಇಡೀ ದಿನ ಅದಕ್ಕೇ ಒರಗಿಕೊಂಡು ಕೂರುವುದು ಕಾರಣ.

ಹೊಸೂರಿನಲ್ಲಿ ಫ್ಯಾಕ್ಟರಿಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ತಳಿ ಪೇಟೆಗೆ ಹೋಗುವ ಬಸ್ಸು ನಮ್ಮಿಂದ ಮೂರು ಮೈಲಿ ದೂರದ ಡಾಂಬರು ರಸ್ತೆಯಲ್ಲಿ ಹಾರನ್ನು ಹೊಡೆದುಕೊಂಡು ಹೋಗುತ್ತಿತ್ತು. ನಮ್ಮ ದೊಡ್ಡಿಯ ಪಾಲಿಗೆ ಬಂದದ್ದು ಹಾರನ್ನಿನ ಸದ್ದು ಮಾತ್ರ. ಬಸ್ಸು ಬರದಿರಲು ಕಾರಣ ಒಂದೇ: ಕೆರೆ ಕೆಳಗಿನ ಹಳ್ಳ. ಅಲ್ಲಿ ನೂರು ಮಾರು ಉದ್ದಕ್ಕೆ ಜೇಡಿಮಣ್ಣು. ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಡುತ್ತದೆ, ಒಂದು ಹದ ಮಳೆ ಬಿದ್ದರೆ ಎತ್ತಿನ ಗೊರಸನ್ನೇ ಕಿತ್ತಿಟ್ಟುಕೊಳ್ಳುತ್ತದೆ.

ನನಗೆ ಬಸ್ಸು ಬೇಕಾಗಿದ್ದು ನನಗಾಗಿ ಅಲ್ಲ. ನನ್ನ ಮಗಳು ರತ್ನ ಎಂಟನೇ ಕ್ಲಾಸು ಪಾಸಾಗಿದ್ದಳು. ನಮ್ಮ ವಂಶದಲ್ಲಿ ಅಷ್ಟು ದೂರ ಹೋದವರು ಅವಳೇ ಮೊದಲು. ಮುಂದಕ್ಕೆ ಓದಬೇಕಾದರೆ ತಳಿಯ ಹೈಸ್ಕೂಲೇ ಗತಿ. ಅವಳ ಚಿಕ್ಕಮ್ಮ ಒಂದು ಟಿಫನ್ ಕ್ಯಾರಿಯರ್ ಕೊಡಿಸಿದ್ದಳು. ಹುಡುಗಿ ಅದಕ್ಕೆ ನೀರು ತುಂಬಿ, ಸೋರುತ್ತದೋ ಇಲ್ಲವೋ ನೋಡಲು ದೊಡ್ಡಿಯ ಸುತ್ತ ಓಡಾಡುತ್ತಿದ್ದಳು. ಬಸ್ಸು ಬಾರದೆ ಹೋದರೆ ಹಾಲು ಹಾಕುವವರ ಜೊತೆ ಕಾಡಂಚಿನಲ್ಲಿ ನಡೆದು ಹೋಗಿ ಬರಲಿ ಎಂದು ನನ್ನ ಹೆಂಡತಿ ಪಾಪಮ್ಮ ಅರೆಮನಸ್ಸಿನಿಂದ ಒಪ್ಪಿದ್ದಳು. ಅಂದರೆ ನಾನು ಏನೂ ಮಾಡದೆ ಮನೆಯಲ್ಲಿ ಮಲಗಿದ್ದರೂ ಹುಡುಗಿ ಓದುತ್ತಿದ್ದಳು. ಇದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಬಸ್ಸಿನವರು ಕೊನೆಗೂ ಒಂದು ಮಾತು ಕೊಟ್ಟರು. ಹಳ್ಳದ ದಾರಿ ಗಟ್ಟಿ ಮಾಡಿ; ಸ್ಕೂಲು ತೆರೆಯುವುದಕ್ಕೆ ಮುಂಚೆ ಖಾಲಿ ಬಸ್ಸು ತಂದು ನೋಡುತ್ತೇವೆ; ದಾಟಿದರೆ ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ದೊಡ್ಡಿಯ ಹಿರಿಯರೆಲ್ಲ ನನ್ನ ಕಡೆ ತಿರುಗಿದರು. ನಾನು ಆಗಲೇ ಎದೆ ಸೆಟೆಸಿಕೊಂಡು ನಿಂತಿದ್ದೆ.

ಆಗ ಬಂದ ಸರ್ಕಾರದ ರಸ್ತೆ ಕೆಲಸದ ಓವರ್‌ಸೀಯರ್. ಧರ್ಮಪುರಿ ಕಡೆಯ ತಮಿಳು ಹುಡುಗ, ಪ್ಯಾಂಟು, ಬೂಟು, ಮೀಸೆ ಇನ್ನೂ ಬರಲೋ ಬೇಡವೋ ಅನ್ನುತ್ತಿತ್ತು. ಹಳ್ಳಕ್ಕೆ ಇಳಿದು ಒಂದು ಹಿಡಿ ಜೇಡಿ ತೆಗೆದುಕೊಂಡು ಉಂಡೆ ಕಟ್ಟಿದ, ಹೊಸೆದ, ಮೂಸಿ ನೋಡಿದ. ಸಿಮೆಂಟಿಗೆ ಆಗ ಪರ್ಮಿಟ್ಟು, ನಮ್ಮಂಥವರಿಗೆ ಸಿಗುವ ಮಾತೇ ಇಲ್ಲ. ಅವನು ಹೇಳಿದ್ದು ಬೇರೆ. ಅಕ್ಕಿ ಮಿಲ್ಲಿನವರು ಹೊಟ್ಟು ಸುಟ್ಟು ಬೂದಿಯನ್ನು ತಿಪ್ಪೆಗೆ ಸುರಿಯುತ್ತಾರಲ್ಲ, ಅದನ್ನು ಸುಣ್ಣದ ಜೊತೆ ಈ ಜೇಡಿಗೆ ಬೆರೆಸಿ ದಮ್ಮಸು ಮಾಡಿ, ಒದ್ದೆ ಹುಲ್ಲು ಮುಚ್ಚಿ ಮೂರು ವಾರ ಯಾರನ್ನೂ ಕಾಲಿಡಲು ಬಿಡಬೇಡಿ, ಕಲ್ಲಾಗುತ್ತದೆ ಅಂದ. ಬಿಸಾಡುವ ವಸ್ತುವಿನಲ್ಲೇ ನೆಲ ನಿಲ್ಲುತ್ತದೆ ಅಂದ. ಬೂದಿ, ಸುಣ್ಣ ನಾನೇ ಕಳಿಸಿಕೊಡುತ್ತೇನೆ ಅಂದ. ಎಷ್ಟಕ್ಕೆ ಎಷ್ಟು ಅನ್ನುವುದನ್ನೆಲ್ಲ ಒಂದು ಹಾಳೆಯಲ್ಲಿ ತಮಿಳಿನಲ್ಲಿ ಬರೆದು ನನ್ನ ಕೈಗೆ ಕೊಟ್ಟ.

ನನಗೆ ಕನ್ನಡವೇ ಅಕ್ಷರ ಅಕ್ಷರ ಕೂಡಿಸಿ ಓದಬೇಕು. ತಮಿಳು ಮಾತಾಡುತ್ತೇನೆ, ಬೈಯುತ್ತೇನೆ, ಓದಲು ಬಾರದು. ರತ್ನ ಸ್ಕೂಲಿನಲ್ಲಿ ತಮಿಳು ಕಲಿತವಳು. ನಾನು ಮನೆಗೆ ಬಂದಾಗ ಕೈ ಚಾಚಿದಳು.

"ಕೊಡಪ್ಪ, ಓದಿ ಹೇಳ್ತೀನಿ."

"ಅದರಾಗೇನೈತೆ ಅಂತ ನಂಗೊತ್ತು ಬಿಡು ಅಮ್ಮಣ್ಣಿ," ಅಂದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೂರಿನ ಗಳದ ಸಂದಿಗೆ ಸಿಕ್ಕಿಸಿದೆ. ಮೂವತ್ತು ಗೋಡೆ ಕಟ್ಟಿದವನಿಗೆ ಮೀಸೆ ಬಾರದವನೊಬ್ಬ ಮಣ್ಣಿನ ಪಾಠ ಬರೆದುಕೊಡುವುದು! ಅದನ್ನು ನನ್ನ ಮಗಳೇ ನನಗೆ ಓದಿ ಹೇಳುವುದು! ಅವಳ ಮುಂದೆ ನಾನು ಸಣ್ಣವನಾಗಿ ಕಾಣುತ್ತೇನೆಂದು ಹೆದರಿದೆ. ದೊಡ್ಡವನಾಗಿ ಕಂಡದ್ದು ಹೇಗೆ ಅನ್ನುವುದನ್ನು ಈಗ ಹೇಳುತ್ತೇನೆ.

ಆ ಹುಡುಗ ಹೇಳಿದ ಮಾತಿಗೆ ತಪ್ಪುವವನಲ್ಲ. ಹತ್ತೇ ದಿನದಲ್ಲಿ ಕೃಷ್ಣಗಿರಿ ಕಡೆಯ ಮಿಲ್ಲಿನಿಂದ ಒಂದು ಲಾರಿ ಬೂದಿ, ಅದರ ಜೊತೆಗೆ ಸುಣ್ಣದ ಮೂಟೆ ಕಳಿಸಿದ. ಬೂದಿಯನ್ನು ಮುಟ್ಟಿ ನೋಡಿದೆ. ಉಫ್ ಅಂದರೆ ಹಾರಿಹೋಗುತ್ತದೆ. ತಾನೇ ನಿಲ್ಲದ್ದು ಬಸ್ಸು ನಿಲ್ಲಿಸುತ್ತದೆಯೇ? ಹೆಂಗಸರು ಪಾತ್ರೆ ತಿಕ್ಕಲು ಚೆನ್ನಾಗಿದೆ ಅಂದರು. ತಗೊಂಡೋಗ್ರಮ್ಮ ಅಂದುಬಿಟ್ಟೆ. ಒಂದೇ ವಾರದಲ್ಲಿ ಲಾರಿ ಬೂದಿ ಖಾಲಿ. ಆ ಬೇಸಿಗೆಯಲ್ಲಿ ನಮ್ಮ ದೊಡ್ಡಿಯ ಚೊಂಬುಗಳು ಹೊಳೆದಂತೆ ಮತ್ತೆಂದೂ ಹೊಳೆದಿಲ್ಲ.

ಸುಣ್ಣವನ್ನು ಹಾಗೆ ವ್ಯರ್ಥ ಮಾಡಲಿಲ್ಲ. ಬಸ್ಸು ಬರುವ ದಿನ ಊರು ಲಕ್ಷಣವಾಗಿ ಕಾಣಬೇಕಲ್ಲವೇ? ಮುನೇಶ್ವರನ ಗುಡಿಗೆ ಹೊಡೆಸಿದೆ, ಸ್ಕೂಲಿಗೆ ಹೊಡೆಸಿದೆ, ದಾರಿಬದಿಯ ಹುಣಸೆಮರಗಳಿಗೆ ಸೊಂಟದವರೆಗೆ ಹೊಡೆಸಿದೆ. ಮಿಕ್ಕದ್ದನ್ನು ಕಲ್ಲುಗಳಿಗೆ ಹೊಡೆಸಿದೆ. ರಸ್ತೆಗೆ ಮಾತ್ರ ಒಂದು ಬೊಗಸೆಯೂ ಉಳಿಯಲಿಲ್ಲ.

ರಸ್ತೆಗೆ ನನ್ನ ಹತ್ತಿರ ತಾತನ ವಿದ್ಯೆ ಇತ್ತು. ಮುನೇಶ್ವರನ ಗುಡಿಯ ಗಾರೆಗೆ ನಮ್ಮ ತಾತ ಅಳಲೆಕಾಯಿ ನೀರು, ಬೆಲ್ಲದ ಪಾಕ ಬೆರೆಸಿದ್ದ. ಇವತ್ತಿಗೂ ಮೊಳೆ ಹೊಡೆದರೆ ಮೊಳೆ ಬಗ್ಗುತ್ತದೆ. ಸೊಣ್ಣಪ್ಪನ ಆಲೆಮನೆಯಲ್ಲಿ ಬೆಲ್ಲ ಕಟ್ಟಿದ ಮೇಲೆ ಉಳಿಯುವ ಕಪ್ಪು ಪಾಕ, ಕಾಕಂಬಿ, ಪೀಪಾಯಿಗಟ್ಟಲೆ ಬಿದ್ದಿತ್ತು. ಅವನದೂ ಬಿಸಾಡುವ ವಸ್ತುವೇ! ಅದರ ಜೊತೆಗೆ ಅಳಲೆಕಾಯಿ ನೀರು, ಮಣ್ಣು ಹಿಡಿದುಕೊಳ್ಳಲು ರಾಗಿ ಹೊಟ್ಟು, ಕತ್ತರಿಸಿದ ರಾಗಿ ಹುಲ್ಲು. ಓವರ್‌ಸೀಯರನಿಗೆ ಗೊತ್ತಿದ್ದದ್ದು ಎರಡು ಸಾಮಾನು, ನನಗೆ ಗೊತ್ತಿದ್ದದ್ದು ನಾಲ್ಕು. ಯಾರು ದೊಡ್ಡವರು, ನೀವೇ ಹೇಳಿ.

ಪಾಪಮ್ಮ ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ಕಾಕಂಬಿಯನ್ನು ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಗುಡಿ ಗೋಡೆಗೆ ಮೇಲೊಂದು ಸೂರೈತೆ. ನೀವು ಬಯಲಾಗೆ ಪಾಯಸ ಬಡಿಸ್ತಾ ಇದೀರಿ."

"ನಿಂಗೆ ಮಣ್ಣಿನ ವಿಷ್ಯ ತಿಳಿಯಲ್ಲ, ಸುಮ್ಕಿರು," ಅಂದೆ.

ಹದಿನೈದು ದಿನ ಇಡೀ ದೊಡ್ಡಿ ಕೆಲಸ ಮಾಡಿತು. ಅಗೆದೆವು, ಹೆಂಟೆ ಒಡೆದೆವು, ಪಾಕ ಹುಯ್ದೆವು, ತುಳಿದೆವು, ದಮ್ಮಸು ಹೊಡೆದೆವು. ನಾನೇ ಎಲ್ಲರಿಗಿಂತ ಹೆಚ್ಚು ತುಳಿದೆ. ರತ್ನ ದಿನಾ ಅಂಬಲಿ ಹೊತ್ತು ತರುತ್ತಿದ್ದಳು, ಅದೇ ಟಿಫನ್ ಕ್ಯಾರಿಯರಿನಲ್ಲಿ. ಬಿಸಿಲಿಗೆ ಒಣಗಿದ ಮೇಲೆ ರಸ್ತೆ ಅಳಲೆಕಾಯಿ ಬಣ್ಣಕ್ಕೆ ತಿರುಗಿ ಮಿಂಚತೊಡಗಿತು. ಹಿಮ್ಮಡಿಯಲ್ಲಿ ಒದ್ದು ನೋಡಿದೆ. ಹಿಮ್ಮಡಿ ನೋಯಿತು. ನೋವಾದದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

ಮಾರನೇ ದಿನ ಇರುವೆ ಬಂದವು. ಶುಭ ಸೂಚನೆ ಅಂದೆ. ಆಮೇಲೆ ನೊಣ ಬಂದವು. ಆಮೇಲೆ ಊರ ದನಗಳು ಮೇಯುವುದು ಬಿಟ್ಟು ಸಾಲಾಗಿ ನಿಂತು ರಸ್ತೆ ನೆಕ್ಕತೊಡಗಿದವು. ನಾನು ಒಂದು ಕೋಲು ಹಿಡಿದು ಹಗಲೆಲ್ಲ ರಸ್ತೆ ಕಾದೆ. ಹೊಲ ಕಾಯುವವರನ್ನು ಕಂಡಿದ್ದೀರಿ, ತೋಟ ಕಾಯುವವರನ್ನು ಕಂಡಿದ್ದೀರಿ. ರಸ್ತೆಯನ್ನು ಯಾರೂ ತಿಂದುಬಿಡದ ಹಾಗೆ ಕಾದವನು ಈ ಸೀಮೆಯಲ್ಲಿ ನಾನೊಬ್ಬನೇ.

ಹಗಲು ಮಾತ್ರ ಕಾದೆ. ಅದೇ ತಪ್ಪಾಯಿತು.

ಬಸ್ಸು ಬರಬೇಕಾಗಿದ್ದ ದಿನ ಬೆಳಿಗ್ಗೆ ಸೊಣ್ಣಪ್ಪ ಬಾಗಿಲಿಗೆ ಬಂದು ನಿಂತ. ಮುಖದಲ್ಲಿ ಅಳುವೋ ನಗುವೋ ಗೊತ್ತಾಗಲಿಲ್ಲ.

"ಭಾವ, ನಿಮ್ಮ ರಸ್ತೆ ವಾಸನೆ ಜವಳಗಿರಿವರ್ಗೂ ಹೋಗೈತೆ. ನೆಂಟರು ಬಂದು ಉಂಡು ಹೋಗವ್ರೆ."

ಹೋಗಿ ನೋಡಿದೆ. ಆನೆಗಳು ರಸ್ತೆಯ ಅರ್ಧಭಾಗವನ್ನು ಕಾಲಿನಿಂದ ಕೆದಕಿ, ಹೆಂಟೆ ಎಬ್ಬಿಸಿ, ತಿಂದು ಹೋಗಿದ್ದವು. ಕಾಕಂಬಿ, ರಾಗಿ ಹುಲ್ಲು, ರಾಗಿ ಹೊಟ್ಟು, ಬಾಯಿಗೆ ಒಗರು ಬೇಕೆಂದರೆ ಅಳಲೆಕಾಯಿ! ಕಾಡಿನ ಅಂಚಿನಲ್ಲಿ ಕೂತು, ಹುಟ್ಟಿದಾಗಿನಿಂದ ಆನೆಗಳನ್ನು ನೋಡಿಕೊಂಡು ಬಂದು, ರಾಗಿ ಹೊಲಕ್ಕೆ ಅವು ನುಗ್ಗದಿರಲೆಂದು ತಮಟೆ ಬಡಿದು ಬೆಳೆದ ನಾನು, ನೂರು ಮಾರು ಉದ್ದದ ಎಲೆ ಹಾಕಿ ಅವಕ್ಕೆ ಊಟ ಬಡಿಸಿದ್ದೆ. ಹೆಜ್ಜೆ ನೋಡಿ ಫಾರೆಸ್ಟ್ ವಾಚರು ಐದು ಅಂದ. ಒಂದು ಮರಿಯಂತೆ. ಪಾಪ, ಅದಕ್ಕೂ ಹೊಟ್ಟೆ ತುಂಬಿರಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆನೆ ಕೆಡಿಸಿದವು, ಇನ್ನೊಂದು ತಿಂಗಳು ಕೊಡಿ ಅಂದಿದ್ದರೆ ಬಸ್ಸಿನವರು ಇಲ್ಲ ಅನ್ನುತ್ತಿರಲಿಲ್ಲ. ಆದರೆ ಹಾಗೆ ಅಂದರೆ ಆ ಓವರ್‌ಸೀಯರ್ ಬರುತ್ತಾನೆ, ಬೂದಿ ಎಲ್ಲಿ ಅಂತ ಕೇಳುತ್ತಾನೆ. ನಾನು ಗುದ್ದಲಿ ತೆಗೆದುಕೊಂಡೆ. ಕೆರೆಯಿಂದ ಹಸಿ ಜೇಡಿ ಹೊತ್ತು ಗುಂಡಿಗಳಿಗೆ ತುಂಬಿಸಿದೆ. ಮೇಲೆ ಒಣ ಕೆಮ್ಮಣ್ಣು ಉದುರಿಸಿ, ಪೊರಕೆ ಹಾಕಿಸಿ, ಹೆಂಗಸರ ಕೈಯಲ್ಲಿ ರಂಗೋಲಿ ಬಿಡಿಸಿದೆ. ಹತ್ತು ಗಂಟೆ ಹೊತ್ತಿಗೆ ಹಳ್ಳ ಮದುವೆ ಮನೆಯ ಅಂಗಳದ ಹಾಗೆ ಕಾಣುತ್ತಿತ್ತು.

ರತ್ನ ಇದ್ಯಾವುದನ್ನೂ ನೋಡಿರಲಿಲ್ಲ. ಮೊದಲ ಬಸ್ಸಿನಲ್ಲಿ ಕೂತು ಬರುತ್ತೇನೆಂದು ಹಾಲಿನವರ ಜೊತೆ ಬೆಳಿಗ್ಗೆಯೇ ಕಾಡಂಚಿನ ದಾರಿಯಲ್ಲಿ ಡಾಂಬರು ರಸ್ತೆಗೆ ಹೋಗಿದ್ದಳು.

ಬಸ್ಸು ಬಂತು. ಮಾವಿನೆಲೆ ತೋರಣ ಕಟ್ಟಿಕೊಂಡು ಬಂತು. ಡ್ರೈವರ್ ಪಕ್ಕ ಬಿಳಿ ಪ್ಯಾಂಟಿನ ಇನ್‌ಸ್ಪೆಕ್ಟರು. ಕಿಟಕಿ ಪಕ್ಕದ ಸೀಟಿನಲ್ಲಿ ನನ್ನ ಮಗಳು, ತೊಡೆಯ ಮೇಲೆ ಟಿಫನ್ ಕ್ಯಾರಿಯರ್. ಖಾಲಿ ಬಸ್ಸಿಗೆ ಅವಳೊಬ್ಬಳೇ ಪ್ಯಾಸೆಂಜರು. ನನ್ನನ್ನು ನೋಡಿ ಕೈಯಾಡಿಸಿದಳು. ಆ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಡ್ರೈವರ್ ರಂಗೋಲಿಯ ಹತ್ತಿರ ನಿಲ್ಲಿಸಿ, ತಲೆ ಆಚೆ ಹಾಕಿ, ಗಟ್ಟಿ ಐತಾ ಮೇಸ್ತ್ರಿ ಎಂದು ಕೇಳಿದ. ದೊಡ್ಡಿಯ ನಲವತ್ತು ಮನೆಯವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಪಾಪಮ್ಮ ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದಳು.

"ಆನೆ ನಡೆದ್ರೂ ಅಲ್ಲಾಡಲ್ಲ, ಬನ್ನಿ," ಅಂದೆ.

ಸೊಣ್ಣಪ್ಪ ಆ ಕಡೆ ತಿರುಗಿಕೊಂಡ. ಅವನ ಬೆನ್ನು ಅಲ್ಲಾಡುತ್ತಿತ್ತು.

ಮುಂದಿನ ಚಕ್ರ ಒಂದು ರಂಗೋಲಿ ದಾಟಿತು. ಎರಡನೆಯದನ್ನೂ ದಾಟಿತು. ಮೂರನೆಯ ರಂಗೋಲಿಯ ನಡುವೆ ಬಸ್ಸು ಒಂದು ನಿಟ್ಟುಸಿರು ಬಿಟ್ಟು ಮಂಡಿಯೂರಿತು. ಡ್ರೈವರ್ ಹಿಂದಕ್ಕೆ ತೆಗೆಯಲು ನೋಡಿದ, ಹಿಂದಿನ ಚಕ್ರಗಳೂ ಕೂತವು. ಇನ್‌ಸ್ಪೆಕ್ಟರು ಇಳಿದು ನೋಡಲು ಹೋಗಿ ಮೊಣಕಾಲುದ್ದ ಇಳಿದರು. ಆಚೆ ಬಂದದ್ದು ಕಾಲು ಮಾತ್ರ, ಬೂಟು ನಮ್ಮ ಹಳ್ಳದಲ್ಲೇ ಉಳಿಯಿತು. ಬಿಸಿಲೇರಿದ ಹಾಗೆ ಆ ನೆಲದಿಂದ ಹಬ್ಬದ ಅಡಿಗೆಮನೆಯ ವಾಸನೆ ಬರತೊಡಗಿತು. ಇರುವೆಗಳು ಬಸ್ಸು ಹತ್ತಿದವು. ನಮ್ಮ ದೊಡ್ಡಿಯಿಂದ ಅವತ್ತು ಬಸ್ಸು ಹತ್ತಿದವರು ಅವೇ.

ರತ್ನಳನ್ನು ಸೊಣ್ಣಪ್ಪ ಕಿಟಕಿಯಿಂದ ಎತ್ತಿ ಇಳಿಸಿದ. ಅವಳು ಟಿಫನ್ ಕ್ಯಾರಿಯರನ್ನು ಕೆಸರಾಗದ ಹಾಗೆ ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಹಾಗೇ ಮನೆ ಕಡೆ ನಡೆದಳು. ಬಸ್ಸನ್ನು ಎಳೆಯಲು ಎಂಟು ಜೊತೆ ಎತ್ತು ಕಟ್ಟಿದೆವು. ಇನ್‌ಸ್ಪೆಕ್ಟರು ಒಂಟಿ ಬೂಟಿನಲ್ಲಿ ನಿಂತು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಓದಲು ಬಾರದಿದ್ದರೂ ಅದರಾಗೇನೈತೆ ಅಂತ ನನಗೆ ಗೊತ್ತಾಯಿತು. ಈ ವರ್ಷ ಇಲ್ಲ.

ಇರಲಿ, ಬಸ್ಸು ಹೋದರೆ ಹೋಯಿತು, ಹಾಲಿನವರ ಜೊತೆ ನಡೆದು ಹೋಗಲಿ ಅಂದುಕೊಂಡೆ. ಮೂರನೇ ದಿನ ಸಾಯಂಕಾಲ ಬಿಸಿಲಿರುವಾಗಲೇ ಹಾಲಿನವರು ಖಾಲಿ ಕ್ಯಾನು ಎಸೆದು ಓಡಿ ಬಂದರು. ಆನೆಗಳು ಉಂಡ ಮನೆ ಮರೆಯುವುದಿಲ್ಲ. ಮಿಕ್ಕ ಅರ್ಧ ರಸ್ತೆ ತಿನ್ನಲು ಬಂದು ಕಾಡಂಚಿನ ದಾರಿಯಲ್ಲೇ ನಿಂತಿದ್ದವು. ರಸ್ತೆ ತಿಂದು ಮುಗಿಸಿದ ಮೇಲೂ, ಮತ್ತೆ ಮಾಡಿರಬಹುದೆಂದು, ವಾರಕ್ಕೊಂದೆರಡು ಸಲ ಬಂದು ನೋಡಿಕೊಂಡು ಹೋಗುತ್ತಿದ್ದವು. ಹಾಲಿನವರು ಆರು ಮೈಲಿ ಸುತ್ತಿ ಬೇರೆ ದಾರಿ ಹಿಡಿದರು. ಹೆಣ್ಣು ಮಗುವನ್ನು ಆ ಸುತ್ತುದಾರಿಗೆ ಕಳಿಸುವುದಿಲ್ಲ ಎಂದು ಪಾಪಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು.

ಇದ್ದ ದಾರಿಯನ್ನೂ ನಾನೇ ಮುಚ್ಚಿದ್ದೆ. ಸ್ಕೂಲು ತೆರೆದ ದಿನ ರತ್ನ ಟಿಫನ್ ಕ್ಯಾರಿಯರನ್ನು ತೊಳೆದು, ಒರೆಸಿ, ಅಟ್ಟದ ಮೇಲಿಟ್ಟಳು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಅದು ನಾನೇ ಕಟ್ಟಿದ ಗೋಡೆ. ಬಹಳ ಗಟ್ಟಿ ಗೋಡೆ.

ಮುಂದಿನ ಬೇಸಿಗೆಗೆ ಓವರ್‌ಸೀಯರ್ ಮತ್ತೆ ಬಂದ. ಮೀಸೆ ಚೆನ್ನಾಗಿ ಬಂದಿತ್ತು. ಬೈಯುತ್ತಾನೆಂದು ತಲೆ ತಗ್ಗಿಸಿಕೊಂಡು ನಿಂತೆ. ಅವನು ಸುತ್ತ ನೋಡಿ ಕೇಳಿದ್ದು ಒಂದೇ: "ಸುಣ್ಣಾಂಬು ಎಂಗೆ ಮೇಸ್ತ್ರಿ?" ಸುಣ್ಣ ಎಲ್ಲಿ ಅಂತ.

ನಾನು ಗುಡಿ ತೋರಿಸಿದೆ, ಸ್ಕೂಲು ತೋರಿಸಿದೆ, ಹುಣಸೆಮರಗಳನ್ನು ತೋರಿಸಿದೆ. ಅವನು ಬಹಳ ಹೊತ್ತು ಹುಣಸೆಮರವನ್ನೇ ನೋಡಿದ. ಆಮೇಲೆ ನನ್ನ ಜೊತೆ ಹಳ್ಳದ ದಂಡೆಯಲ್ಲಿ ಕೂತು ನಿಧಾನವಾಗಿ ಹೇಳಿದ. ತಾತನ ಗಾರೆ ಕಲ್ಲಾದದ್ದು ಸುಣ್ಣದಿಂದ. ಬೆಲ್ಲ, ಅಳಲೆಕಾಯಿ ಅದಕ್ಕೆ ಸಹಾಯಕ್ಕೆ ಬಂದವು ಅಷ್ಟೇ. ನಾನು ಮದುವಣಿಗನನ್ನು ಮನೆಯಲ್ಲಿ ಬಿಟ್ಟು ಬರೀ ದಿಬ್ಬಣ ಕರೆದುಕೊಂಡು ಹೋಗಿದ್ದೆ.

ಈ ಸಲ ಬೂದಿಯನ್ನು ಹೆಂಗಸರಿಗೆ ಮುಟ್ಟಿಸಲಿಲ್ಲ. ಅವನು ಅಳತೆ ಹೇಳಿದ, ನಾನು ಬೆರೆಸಿದೆ. ಬಿರುಕು ಬಿಡದಿರಲು ಬೇಲಿಯ ಕತ್ತಾಳೆ ಜಜ್ಜಿ ನಾರು ಸೇರಿಸಿದರೆ ಹೇಗೆ ಎಂದು ಹೆದರುತ್ತ ಕೇಳಿದೆ. ಅವನು ಎದ್ದು ನಿಂತು ನನ್ನ ಕೈ ಕುಲುಕಿದ. ಇದನ್ನು ಹೋದ ವರ್ಷವೇ ಯಾಕೆ ಹೇಳಲಿಲ್ಲ ಅಂದ. ನಾನು ಕತ್ತಾಳೆ ಜಜ್ಜಲು ಕೂತೆ. ಒದ್ದೆ ಹುಲ್ಲು ಮುಚ್ಚಿ ಮೂರು ವಾರ ಕಾದೆವು. ಆನೆಗಳು ಒಂದು ಸಲ ಬಂದು, ಮೂಸಿ, ಬೇಜಾರಾಗಿ ವಾಪಸು ಹೋದವು. ಬಸ್ಸು ದಾಟಿತು. ಆ ಮಳೆಗಾಲದಲ್ಲೂ ದಾಟಿತು.

ನಾನು ಓಡಿಹೋಗಿ ಅಟ್ಟದಿಂದ ಟಿಫನ್ ಕ್ಯಾರಿಯರ್ ಇಳಿಸಿದೆ. ಪಾಪಮ್ಮ ಅದರೊಳಗೆ ಸೋರೆ ಬೀಜ ತುಂಬಿಟ್ಟಿದ್ದಳು.

"ಬ್ಯಾಡಪ್ಪ," ಅಂದಳು ರತ್ನ. "ಒಂದು ವರ್ಷ ಆಗೋಯ್ತು. ಚಿಕ್ಕ ಹುಡುಗ್ರ ಜೊತೆ ಕೂತ್ಕೊಳಕ್ಕೆ ನಾಚ್ಕೆ ಆಯ್ತದೆ."

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಹಟದಲ್ಲಿ ಯಾರ ಮಗಳು!

ನಾಲ್ಕು ವರ್ಷದ ಮೇಲೆ ಅವಳ ಮದುವೆಗೆಂದು ಸೂರಿನ ಹಂಚು ತೆಗೆಸಿದಾಗ ಆ ಹಾಳೆ ಉದುರಿತು. ಮಸಿ ಹಿಡಿದಿತ್ತು, ಅಂಚನ್ನು ಗೆದ್ದಲು ತಿಂದಿತ್ತು. ರತ್ನ ಸುಣ್ಣದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅದನ್ನು ಬಿಡಿಸಿದಳು. ಈ ಸಲ ಓದಲೇ ಎಂದು ಕೇಳಲಿಲ್ಲ, ತಾನೇ ಜೋರಾಗಿ ಓದಿದಳು. ಸುಣ್ಣ ಇಷ್ಟು, ಬೂದಿ ಇಷ್ಟು, ನೀರು ಇಷ್ಟು. ಕೊನೆಯಲ್ಲಿ ಎರಡು ಸಾಲು ಬೇರೆ ಇತ್ತು. ಈ ಜೇಡಿಯ ಗುಣ ಮೇಸ್ತ್ರಿಗೆ ನನಗಿಂತ ಚೆನ್ನಾಗಿ ಗೊತ್ತು. ಎಷ್ಟು ಆಳ ಅಗೆಯಬೇಕು, ಇನ್ನೇನು ಸೇರಿಸಬೇಕು ಅನ್ನುವುದನ್ನು ಅವರನ್ನು ಕೇಳಿಯೇ ಮಾಡತಕ್ಕದ್ದು, ಅವರು ಬಂದು ನನಗೆ ಹೇಳಲಿ.

ಅವಮಾನವೆಂದು ಸೂರಿಗೆ ಸಿಕ್ಕಿಸಿದ್ದು ನನ್ನ ಸನ್ಮಾನ ಪತ್ರ!

ರತ್ನ ಹಾಳೆಯನ್ನು ಮತ್ತೆ ಅದೇ ನಾಲ್ಕು ಮಡಿಕೆಗೆ ಮಡಿಸಿದಳು. "ಕೊಟ್ಟಿದ್ರೆ ಅವತ್ತೇ ಓದಿ ಹೇಳ್ತಿದ್ನಲ್ಲಪ್ಪ," ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಬಸ್ಸು ನಮ್ಮ ದೊಡ್ಡಿ ದಾಟಿ ಮುಂದಿನ ಊರಿಗೂ ಹೋಗುತ್ತದೆ. ಬೆಳಿಗ್ಗೆ ಹೊಸೂರು ಫ್ಯಾಕ್ಟರಿಗೆ ಹೋಗುವ ಹುಡುಗರು, ತಳಿಯ ಸ್ಕೂಲಿಗೆ ಹೋಗುವ ಹುಡುಗಿಯರು, ನಿಲ್ಲಲೂ ಜಾಗವಿರುವುದಿಲ್ಲ. ನಮ್ಮ ಸ್ಟಾಪಿಗೆ ಬಸ್ಸಿನವರು ಇಟ್ಟ ಹೆಸರು ಪಾಯಸದ ಹಳ್ಳ. ಟಿಕೆಟ್ ಬೇಕಾದರೆ ಆ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ನಾನು ಮುಂದಿನ ಊರಿಗೆ ಟಿಕೆಟ್ ತೆಗೆದುಕೊಂಡು, ಅಲ್ಲಿ ಇಳಿದು, ಒಂದು ಮೈಲಿ ಹಿಂದಕ್ಕೆ ನಡೆದು ಮನೆಗೆ ಬರುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆದೆ. ವಾಯುವಿಹಾರ ಎಂದು ಪಾಪಮ್ಮನಿಗೆ ಹೇಳಿದ್ದೆ.

ಮೊನ್ನೆ ರತ್ನ ತನ್ನ ಪುಟ್ಟ ಮಗಳನ್ನು ಕರೆದುಕೊಂಡು ತವರಿಗೆ ಬರುವಾಗ ತಳಿಯಲ್ಲಿ ನಾನಿದ್ದ ಬಸ್ಸನ್ನೇ ಹತ್ತಿದಳು. ಕಂಡಕ್ಟರ್ ಹತ್ತಿರ ಬಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು.

"ಪಾಯಸದ ಹಳ್ಳ, ಎರಡು. ಒಂದು ನಂಗೆ, ಒಂದು ನಮ್ಮಪ್ಪಂಗೆ."

ಮೂವರೂ ಅಲ್ಲೇ ಇಳಿದೆವು. ಮೊಮ್ಮಗಳು ರಸ್ತೆಯ ಮೇಲೆ ಕುಣಿಯುತ್ತ ಮುಂದೆ ಹೋದಳು. ನಾನು ಯಾರಿಗೂ ಕಾಣದ ಹಾಗೆ ಹಿಮ್ಮಡಿಯಲ್ಲಿ ಒಂದು ಸಲ ಒದ್ದು ನೋಡಿದೆ. ಗಟ್ಟಿಯಾಗಿತ್ತು. ಕೈ ನನ್ನದೇ, ಬುದ್ಧಿ ಆ ಹುಡುಗನದು. ಆ ಬುದ್ಧಿ ನನಗೆ ಬಂದದ್ದು ಮಾತ್ರ ಒಂದು ವರ್ಷ ತಡವಾಗಿ.